ಅಮಾವಾಸ್ಯೆಯ ದಿನ ಕೇಳಿಸಿದ ಮಗ್ಗ

ದೆವ್ವ, ಶಕುನ ಎಂದು ಯಾರಾದರೂ ಬಾಯಿ ತೆರೆದರೆ "ನಾನ್‌ಸೆನ್ಸ್" ಎಂದು ಎದ್ದು ಹೋಗುತ್ತಿದ್ದವಳು ನಾನು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದು ಅದನ್ನೇ: ಎಲ್ಲಕ್ಕೂ ಒಂದು ರೀಸನ್ ಇರುತ್ತದೆ. ಆ ರೀಸನ್ ಸಿಗದೆ ಉಳಿದ ಒಂದೇ ಒಂದು ಮಧ್ಯಾಹ್ನದ ವಿಷಯ ಬರೆಯುತ್ತಿದ್ದೇನೆ. ನಂಬಲೇಬೇಕೆಂದು ಯಾರಿಗೂ ಬಲವಂತವಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಸೇಲಂನಲ್ಲಿ ನಮ್ಮದು ಕನ್ನಡ ಮಾತಾಡುವ ನೇಕಾರರ ಬೀದಿ. ಅಣ್ಣ ಮಲ್ಲೇಶ ಮಾತ್ರ ಹದಿನಾಲ್ಕಕ್ಕೇ ಮಗ್ಗ ಬಿಟ್ಟು ರೇಡಿಯೋ ರಿಪೇರಿಗೆ ಬಿದ್ದಿದ್ದ. ಆಮೇಲೆ ಸಣ್ಣ ಅಂಗಡಿ ಇಟ್ಟು, ತಾನೇ ವಾಲ್ವ್ ಜೋಡಿಸಿ ಒಂದು ಆಂಪ್ಲಿಫೈಯರ್ ಕಟ್ಟಿದ್ದ. ಅಪ್ಪನಿಗೆ ಅದನ್ನು ಕಂಡರಾಗದು. ಮಾವನ ಮಗ ಶಿವರಾಜ ಸಿಂಗಾಪುರದಿಂದ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನೂ, ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನನ್ನೂ ತಂದ ಮೇಲೆ ಜಗಳ ಹತ್ತಿತು.

"ನಿನ್ ಡಬ್ಬ ನನ್ ಸೆಟ್ ಮುಂದೆ ನಿಲ್ಲಾಕಿಲ್ಲ ಕಣ್ಲಾ" ಎಂದು ಶಿವರಾಜ ಬೀದಿಯಲ್ಲೇ ಕೂಗಿದ. ಅಪ್ಪ ಅದನ್ನೇ ಹಿಡಿದುಕೊಂಡು, ಎರಡನ್ನೂ ಕೇಳಿ ತೀರ್ಮಾನಿಸೋಣ ಎಂದು ಪಂತ ಕಟ್ಟಿದರು. ಸೋತರೆ ಮಲ್ಲೇಶ ಅಂಗಡಿ ಮುಚ್ಚಿ, ಮರುದಿನವೇ ನೇಕಾರ ಕಾಲಿಳಿಬಿಟ್ಟು ಕೂರುವ ಮಗ್ಗದ ಗುಂಡಿಗೆ ಇಳಿಯಬೇಕು. ಅಣ್ಣ ಹಲ್ಲು ಕಚ್ಚಿಕೊಂಡು ಒಪ್ಪಿದ.

ಇಂಥ ಕಂಪ್ಯಾರಿಸನ್‌ಗೆ ನಿಶ್ಶಬ್ದ ಬೇಕು. ನಮ್ಮ ಬೀದಿ ಸುಮ್ಮನಿರುತ್ತಿದ್ದುದು ಅಮಾವಾಸ್ಯೆಯಂದು ಮಾತ್ರ. ಅಂದು ಯಾರೂ ಮಗ್ಗ ಮುಟ್ಟುತ್ತಿರಲಿಲ್ಲ. ಹಾಗಾಗಿ ಅಮಾವಾಸ್ಯೆಯ ಊಟವಾದ ಮೇಲೆ ಐದಾರು ಜನ ಹಾಡಿನ ಹುಚ್ಚರು ನಮ್ಮ ಮಹಡಿಯಲ್ಲಿ ಸೇರಿದರು. ಯಾರ ಮುಖದಲ್ಲೂ ನಗುವಿಲ್ಲ. ಪಿಯಾನೋ ಕಲಿತವಳೆಂದು ತೀರ್ಪಿಗೆ ನನ್ನನ್ನು ಕೂರಿಸಿದರು.

"ಕಾನ್ವೆಂಟಮ್ಮ ಅಣ್ಣನ ಕಡೆಗೇ ಮಾತಾಡ್ತಾಳೆ, ನೋಡ್ತಾ ಇರಿ" ಎಂದ ಶಿವರಾಜ.

"ಗೋಡೆ ಕಡೆ ತಿರುಗ್ಸಿ ಕೂರ್ಸು. ಯಾವುದು ಯಾರ್ದು ಅಂತ ಎಂಗೆ ಗೊತ್ತಾಯ್ತದೆ?" ಎಂದ ಅಣ್ಣ.

ನನ್ನ ಕಿವಿಗೆ ಹೆಡ್‌ಫೋನ್ ಹಾಕಿ, ಒಂದೇ ವೀಣೆಯ ರೆಕಾರ್ಡನ್ನು ಒಮ್ಮೆ ಇದರಲ್ಲಿ, ಒಮ್ಮೆ ಅದರಲ್ಲಿ ಹಾಕಿದರು. ಒಂದು ಸಾಫ್ಟ್ ಆಗಿತ್ತು, ಇನ್ನೊಂದು ಕ್ಲಿಯರ್, ಆದರೆ ಸ್ವಲ್ಪ ಒರಟು. ಮೂರನೆಯ ಸಲ ವೀಣೆಯ ಅಡಿಯಿಂದ ಮಗ್ಗದ ಸದ್ದು ಬಂತು. ಲಾಳಿ ಓಡುವುದು, ಹಲಗೆ ಬಡಿಯುವುದು. ಹೆಡ್‌ಫೋನ್ ತೆಗೆದೆ. ಬೀದಿ ತಣ್ಣಗಿತ್ತು. ಮತ್ತೆ ಹಾಕಿಕೊಂಡೆ, ಮಗ್ಗ. ಹೇಳಿದೆ.

"ಸೋಲೋದು ಗೊತ್ತಾಯ್ತು, ಡ್ರಾಮಾ ಶುರು ಅಚ್ಕೊಂಡ್ಲು. ಪೋದುಂ ಮಾ, ಸಾಕು!" ಎಂದು ಶಿವರಾಜ ರೆಕಾರ್ಡಿನ ಮುಳ್ಳನ್ನೇ ಎತ್ತಿಬಿಟ್ಟ. ವೀಣೆ ನಿಂತಿತು, ಮಗ್ಗ ನಿಲ್ಲಲಿಲ್ಲ. ಇನ್ನೊಂದು ಆಂಪ್ಲಿಫೈಯರಿಗೆ ಬದಲಿಸಿದರು. ಅಲ್ಲೂ ಅದೇ. ಅಣ್ಣ ಸಿಟ್ಟಿನಿಂದ ಎರಡರ ಪ್ಲಗ್ಗನ್ನೂ ಕಿತ್ತೆಸೆದ. ಆಮೇಲೂ ನನಗೆ ಕೇಳಿಸುತ್ತಲೇ ಇತ್ತು.

ಮೆಟ್ಟಿಲ ಬಳಿ ನಿಂತಿದ್ದ ಅಪ್ಪ ಬಂದು ಹೆಡ್‌ಫೋನ್ ಕಿತ್ತುಕೊಂಡರು. ತುಂಬ ಹೊತ್ತು ನಿಂತೇ ಕೇಳಿದರು. ಅವರ ಬೆರಳು ಗೋಡೆಯ ಮೇಲೆ ತಾಳ ಹಾಕತೊಡಗಿ ತಟ್ಟನೆ ನಿಂತಿತು. ಅಣ್ಣನ ಕಡೆ ತಿರುಗಿದರು. ದನಿಯಲ್ಲಿ ಮೆತ್ತನೆಯದೇನೂ ಇರಲಿಲ್ಲ.

"ಒಂದು ಏಟು ಆಕೋ ಕಡೆ ಎರಡು ಬೀಳ್ತಾ ಐತೆ. ಇದು ನಿನ್ ಕೈ ಕಣ್ಲಾ. ಚಿಕ್ಕೋನಾಗಿದ್ದಾಗ ಇಂಗೇ ಬಡೀತಿದ್ದೆ."

"ನಾನು ಇಲ್ಲೇ ನಿಂತಿವ್ನಿ! ತಲೆ ಕೆಟ್ಟೈತಾ ನಿಂಗೆ?"

ಅಣ್ಣ ಕಿತ್ತುಕೊಂಡು ಕೇಳಿದ, ಶಿವರಾಜನೂ ಕೇಳಿದ. ಇಬ್ಬರಿಗೂ ಏನೂ ಕೇಳಿಸಲಿಲ್ಲ.

ಅಪ್ಪ ಅರ್ಧ ಮೆಟ್ಟಿಲುಗಳನ್ನು ಇಳಿದು ನಿಂತರು. "ನೀನು ಮಗ್ಗಕ್ಕೆ ಇಳೀಬ್ಯಾಡ. ಆ ಏಟ್ನಾಗಿರೋ ಅಷ್ಟು ಕ್ವಾಪದಾಗೆ ನೇಯ್ದ ಸೀರೆನ ಯಾವ ಎಣ್ಣು ಉಟ್ಕೊಂಡಾಳು?"

ನನ್ನ ತೀರ್ಪನ್ನು ಯಾರೂ ಕೇಳಲಿಲ್ಲ. ಶಿವರಾಜ ಬೈದುಕೊಂಡೇ ಸೆಟ್ ಕಟ್ಟಿಕೊಂಡು ಹೋದ, ಮತ್ತೆ ನಮ್ಮ ಹೊಸಿಲು ತುಳಿಯಲಿಲ್ಲ. ಅಪ್ಪನೂ ಅಣ್ಣನೂ ಆಮೇಲೂ ಒಬ್ಬರ ಮುಖ ಒಬ್ಬರು ನೋಡಿ ಮಾತಾಡಿದ್ದು ಕಡಿಮೆ. ಹೆಡ್‌ಫೋನಿನ ವೈರೇ ಯಾವುದೋ ಸ್ಟೇಷನ್ ಹಿಡಿದಿರಬೇಕು ಎಂದು ಅಣ್ಣ ಒಮ್ಮೆ ಎಕ್ಸ್‌ಪ್ಲೇನ್ ಮಾಡಿದ. ಯಾವ ಸ್ಟೇಷನ್ ಮಗ್ಗದ ಸದ್ದನ್ನು ಹಾಕುತ್ತದೆ ಎಂದರೆ ರಿಪೇರಿಗೆ ಬಂದ ರೇಡಿಯೋ ಒಂದನ್ನು ಬಿಚ್ಚತೊಡಗಿದ.

ಅಣ್ಣ ಸಾಯುವ ತನಕ ಮತ್ತೆ ಒಂದು ಮೊಳವೂ ನೇಯಲಿಲ್ಲ. ಆದರೆ ನಾನು ಕೇಳಿದ್ದು ಹುಡುಗನ ಕೈಯಲ್ಲ. ಅದು ಅಂದು ಸೋತು ಮಗ್ಗಕ್ಕೆ ಇಳಿದು, ವರ್ಷಗಟ್ಟಲೆ ಗುಂಡಿಯಲ್ಲಿ ಕೂತು, ಒಂದೊಂದು ಏಟಿಗೂ ಮನೆಯವರನ್ನೆಲ್ಲ ಶಪಿಸುತ್ತಿದ್ದ ಗಂಡಸಿನ ಕೈ. ಅಂಥ ಅಣ್ಣ ನನಗೆ ಯಾವತ್ತೂ ಇರಲಿಲ್ಲ.