ಹನ್ನೆರಡೂವರೆಯ ಅಲಾರಂ

ನನ್ನ ಬೆಕ್ಕು ಪಕ್ಕದ ಮನೆಯಲ್ಲಿ ಊಟ ಮಾಡುತ್ತಿದೆ ಎಂಬುದು ನನಗೆ ಗೊತ್ತಾದದ್ದು ಅದರ ಬಾಯಿಯ ವಾಸನೆಯಿಂದ. ಒಂದು ಸಂಜೆ ತೊಡೆಯ ಮೇಲೆ ಬಂದು ಕೂತು, ಮುಖವೆತ್ತಿ, ದೊಡ್ಡದಾಗಿ ಆಕಳಿಸಿತು. ಮೀನು. ನಮ್ಮದು ಮೊಟ್ಟೆ ಕೂಡ ಹೊಸಿಲು ದಾಟದ ಶೈವರ ಮನೆ. ಆ ವಾಸನೆ ನನ್ನ ಅಡುಗೆಮನೆಯದಾಗಿರಲು ಸಾಧ್ಯವೇ ಇರಲಿಲ್ಲ.

ಇದು ಎಂಬತ್ತರ ದಶಕದ ನಡುವಿನ ಮಾತು. ಕೊಳ್ಳೇಗಾಲದಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ನಾನೊಬ್ಬಳೇ. ಹನೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್. ಬೆಳಿಗ್ಗೆ ಎಂಟಕ್ಕೆ ಮಾದಪ್ಪನ ಬೆಟ್ಟದ ಬಸ್ಸು ಹತ್ತಿದರೆ ಮತ್ತೆ ಗೇಟು ತೆಗೆಯುವುದು ಸಂಜೆ ಆರಕ್ಕೆ. ಬೆಕ್ಕನ್ನು ನನ್ನ ತವರು ಯಳಂದೂರಿನಿಂದ ತಂದಿದ್ದೆ. ಅಕ್ಕನ ಮನೆಯ ಅಟ್ಟದಲ್ಲಿ ಹುಟ್ಟಿದ ಮರಿಗಳಲ್ಲಿ ಮೂರು ಬಣ್ಣದ ಹೆಣ್ಣೊಂದನ್ನು ಆರಿಸಿ, ಬೆತ್ತದ ಬುಟ್ಟಿಯಲ್ಲಿ ಮುಚ್ಚಿಕೊಂಡು ಬಸ್ಸಿಗೆ ಕೂತಿದ್ದೆ. ದಾರಿಯುದ್ದಕ್ಕೂ ಅದು ಅತ್ತಿತು. ನಾನು ಬುಟ್ಟಿಯೊಳಗೆ ಒಂದು ಬೆರಳು ಇಟ್ಟುಕೊಂಡೇ ಬಂದೆ. ಆದ್ದರಿಂದ ಅದು ನನ್ನದು. ಈ ಲಾಜಿಕ್ ನನಗೆ ಪೂರ್ತಿ ಸರಿಯಾಗಿಯೇ ಕಂಡಿತ್ತು.

ಪಕ್ಕದ ಮನೆಯಾಕೆ ರೇಷ್ಮೆಯ ನೂಲು ತೆಗೆಯುವವಳು. ನಮ್ಮಿಬ್ಬರ ನಡುವಿನ ಎದೆಮಟ್ಟದ ಗೋಡೆಯಾಚೆ, ಶೀಟಿನ ಮಾಡಿನ ಕೆಳಗೆ ಆಕೆಯ ಚರಕ. ಕುದಿಯುವ ನೀರಿನಲ್ಲಿ ಗೂಡುಗಳನ್ನು ತಿರುವಿ ತಿರುವಿ ಬೆರಳುಗಳು ಬೆಳ್ಳಗೆ ಊದಿಕೊಂಡಿರುತ್ತಿದ್ದವು. ನೂಲು ಬಿಚ್ಚಿದ ಮೇಲೆ ಉಳಿಯುವ ಹುಳುವಿನ ನಾತ ಆಕೆಯ ಸೀರೆಗೂ ಕೂದಲಿಗೂ ಅಂಟಿರುತ್ತಿತ್ತು. ನನ್ನ ಬೆರಳುಗಳಲ್ಲಿ ಇದ್ದದ್ದು ಚಾಕ್‌ಪೀಸಿನ ಪುಡಿ, ಟಾಲ್ಕಂ ಪೌಡರಿನ ಪರಿಮಳ. ಬೆಕ್ಕು ಯಾರ ಬೆರಳು ನೆಕ್ಕುತ್ತಿತ್ತು ಎಂದು ಹೇಳಬೇಕಾಗಿಲ್ಲ.

ಮಾರನೆಯ ಬೆಳಿಗ್ಗೆ ಗೋಡೆಯ ಹತ್ತಿರ ನಿಂತು ಕೇಳಿದೆ: “ನೋಡಿ, ನೀವು ನನ್ನ ಬೆಕ್ಕಿಗೆ ಏನಾದರೂ ಹಾಕ್ತೀರಾ?”

“ಅಯ್ಯೋ, ನಾನೆಲ್ಲಿ ಆಕ್ಲಿ ಟೀಚರಮ್ಮ! ಅದೇ ತಕಂಡು ತಿಂತದ. ನಾನು ಮಧ್ಯಾನ ಉಣ್ಣಾಕೆ ಕೂತ್ರೆ ಸಾಕು, ತಟ್ಟೆ ಒಳಕ್ಕೇ ಮೂತಿ ಇಕ್ತದ ಕಳ್ಳಿ.” ಆಕೆ ಚರಕ ನಿಲ್ಲಿಸದೆಯೇ ನಕ್ಕಳು. “ನೀವು ಬೆಳಗ್ಗೆ ವೋದ್ರೆ ಸಂದೆಗೆ ಬತ್ತೀರಿ. ಅದ್ರ ಒಟ್ಟೆ ಕಾಯ್ತದಾ?”

ಕಳ್ಳಿಯಂತೆ. ನಾನು ಅದನ್ನು ಡಾರ್ಲಿಂಗ್ ಎಂದು ಕರೆಯುತ್ತಿದ್ದೆ.

ಮೈಸೂರಿನ ಕಾನ್ವೆಂಟಿನ ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಸಿಸ್ಟರ್ ಒಬ್ಬರು ಹೇಳಿಕೊಟ್ಟಿದ್ದರು: ಇನ್ನೊಬ್ಬರ ಬಳಿ ಇರುವುದು ಬೇಕು ಅನ್ನಿಸಿದರೆ ಎನ್ವಿ, ನಮ್ಮ ಬಳಿ ಇರುವುದು ಕೈತಪ್ಪುತ್ತದೆ ಎಂದು ಕುದಿದರೆ ಜೆಲಸಿ, ಎರಡೂ ಪಾಪ. ಪರೀಕ್ಷೆಯಲ್ಲಿ ಅದನ್ನೇ ಚೆಂದವಾಗಿ ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದೆ. ಎರಡೂ ಒಂದೇ ಹೊಟ್ಟೆಯಲ್ಲಿ ಒಟ್ಟಿಗೆ ಉರಿಯಬಹುದು ಎಂದು ಮಾತ್ರ ಸಿಸ್ಟರ್ ಹೇಳಿರಲಿಲ್ಲ.

ಹೊರಡುವಾಗ ತಟ್ಟೆಯಲ್ಲಿ ಹಾಲನ್ನ ಇಟ್ಟು ಹೋಗಲು ನೋಡಿದೆ. ಬೆಕ್ಕು ನಾನು ಗೇಟು ದಾಟುವ ಮುಂಚೆಯೇ ನೆಕ್ಕಿ ಮುಗಿಸುತ್ತಿತ್ತು. ಜಾಸ್ತಿ ಇಟ್ಟರೆ ಉಳಿದದ್ದಕ್ಕೆ ಇರುವೆ ಮುತ್ತುತ್ತಿದ್ದವು, ಕಾಗೆ ಬರುತ್ತಿತ್ತು. ಸೋಮವಾರ ಒಂದು ದಿನ ಮಾತ್ರ ನನಗೆ ನೆಮ್ಮದಿ. ಮಾದಪ್ಪನ ವಾರವೆಂದು ಅಂದು ಆಕೆಯ ಒಲೆಯ ಮೇಲೆ ಮೀನು ಇರುತ್ತಿರಲಿಲ್ಲ. ಆ ಸಂಜೆ ಬೆಕ್ಕು ಹಸಿದುಕೊಂಡು ಗೇಟಿಗೇ ಬಂದು ನನ್ನ ಕಾಲಿಗೆ ಸುತ್ತುತ್ತಿತ್ತು. ಅದು ಪ್ರೀತಿಯೆಂದು ನಂಬಲು ನನಗೆ ಕಷ್ಟವೇನೂ ಆಗಲಿಲ್ಲ.

ಸ್ಟಾಫ್ ರೂಮಿನಲ್ಲಿ ಈ ಸಂಕಟ ತೋಡಿಕೊಂಡಾಗ ನಮ್ಮ ಸೈನ್ಸ್ ಮೇಷ್ಟ್ರಿಗೆ ಹುರುಪು ಬಂತು. “ಮೇಡಂ, ನಿಮ್ಮ ಹತ್ರ ಕೀ ಕೊಡೋ ಅಲಾರಂ ಗಡಿಯಾರ ಇದೆಯಾ? ಒಂದು ಬಿಸ್ಕತ್ತಿನ ಡಬ್ಬ? ನಾಳೆ ಎರಡೂ ತನ್ನಿ.”

ಗಡಿಯಾರ ಇತ್ತು. ಕಾನ್ವೆಂಟಿನಲ್ಲಿ ಎಲೊಕ್ಯೂಷನ್ ಎಂಬ ವಾಚನ ಸ್ಪರ್ಧೆಗೆ ಬಂದ ಪ್ರೈಜ಼ು, ನನ್ನ ಜೀವನದ ಏಕೈಕ ಫಸ್ಟ್ ಪ್ರೈಜ಼ು. ಮೇಷ್ಟ್ರು ಲ್ಯಾಬಿನಲ್ಲಿ ಕೂತು ಅದನ್ನು ಡಬ್ಬದ ಪಕ್ಕ ಒಂದು ಹಲಗೆಗೆ ಬಿಗಿದರು. ಅಲಾರಂ ಹೊಡೆಯುವಾಗ ಗಡಿಯಾರದ ಹಿಂದಿನ ಕೀ ತಾನಾಗಿ ತಿರುಗುತ್ತದಲ್ಲ, ಅದಕ್ಕೆ ಒಂದು ದಾರ ಕಟ್ಟಿದರು. ಕೀ ತಿರುಗಿದಂತೆ ದಾರ ಸುತ್ತಿಕೊಳ್ಳುತ್ತದೆ, ದಾರದ ತುದಿಯ ಕಡ್ಡಿ ಕೊಂಡಿಯಿಂದ ಈಚೆ ಬರುತ್ತದೆ, ಸೈಕಲ್ ಟ್ಯೂಬಿನ ಪಟ್ಟಿ ಮುಚ್ಚಳವನ್ನು ಫಟ್ಟನೆ ಎಳೆದು ತೆರೆಯುತ್ತದೆ. “ಆಟೋಮ್ಯಾಟಿಕ್!” ಎಂದರು. ಬೆಳಿಗ್ಗೆ ನಾನು ಕೀ ಕೊಟ್ಟು ಹೋದರೆ ಸರಿಯಾಗಿ ಹನ್ನೆರಡೂವರೆಗೆ, ಹನೂರಿನಲ್ಲಿ ನಾನು ಟಿಫಿನ್ ಬಾಕ್ಸ್ ತೆಗೆಯುವ ಹೊತ್ತಿಗೆ, ಕೊಳ್ಳೇಗಾಲದ ನನ್ನ ಜಗಲಿಯಲ್ಲಿ ಬೆಕ್ಕಿಗೆ ಊಟ.

ಮೊದಲ ದಿನ ಸಂಜೆ ಓಡೋಡಿ ಬಂದೆ. ಮುಚ್ಚಳ ತೆರೆದಿತ್ತು. ಹಾಲನ್ನ ಹಾಗೇ ಹೆಪ್ಪುಗಟ್ಟಿ ಕೂತಿತ್ತು.

“ನಿಮ್ಮನೇಲಿ ಗಂಟೆ ಬಡೀತು ಟೀಚರಮ್ಮ,” ಗೋಡೆಯಾಚೆಯಿಂದ ವರದಿ ಬಂತು. “ಕಳ್ಳಿ ಎದ್ದು ಓಡೋಯ್ತು. ಮೂಸ್ಬುಟ್ಟು ವಾಪಸ್ ಬಂದ್ಬುಡ್ತು.”

ಆಕೆಯ ದನಿಯಲ್ಲಿ ಕುಹಕ ಇತ್ತೋ ಇಲ್ಲವೋ ಇಂದಿಗೂ ಹೇಳಲಾರೆ. ನನಗಂತೂ ಕೇಳಿಸಿತು. ಆ ಕ್ಷಣವೇ ನಿಶ್ಚಯಿಸಿದೆ: ಡಬ್ಬದಲ್ಲಿ ಮೀನೇ ಇಡಬೇಕು.

ಕೊಳ್ಳೇಗಾಲದಲ್ಲಿ ಕೊಂಡರೆ ಯಾರಾದರೂ ನೋಡುತ್ತಾರೆ. ಹನೂರಿನ ಸಂತೆಯ ದಿನ ಶಾಲೆ ಬಿಟ್ಟ ಮೇಲೆ ಸೆರಗು ಮೂಗಿಗೆ ಒತ್ತಿಕೊಂಡು ಒಣಮೀನಿನ ಸಾಲಿಗೆ ಹೋದೆ. ಅಲ್ಲಿ ಕೂತಿದ್ದ ಹೆಂಗಸು ತಮಿಳು ಬೆರೆಸಿ ಮಾತಾಡುವವಳು; ಒಣಮೀನಿಗೆ ಆಕೆ ಅಂದದ್ದು ಕರ್ವಾಡು.

“ಕರ್ವಾಡು ಯಾರ್ಗೆ ಟೀಚರಮ್ಮ? ನಿಮ್ ಪೈಕಿಯೋರು ತಿನ್ನಾಕಿಲ್ವಲ್ಲ?”

“ಬೆಕ್ಕಿಗೆ.”

“ಎಲ್ರೂ ಅಂಗೇ ಯೋಳ್ತಾರೆ!” ಪಕ್ಕದವಳಿಗೆ ಕಣ್ಣು ಮಿಟುಕಿಸಿ, ಒಂದು ಹಿಡಿ ಜಾಸ್ತಿಯೇ ಕಟ್ಟಿಕೊಟ್ಟಳು. 

ಆ ಪೊಟ್ಟಣವನ್ನು ಕಾಂಪೊಸಿಷನ್ ನೋಟ್‌ಬುಕ್ಕುಗಳ ನಡುವೆ ಅಡಗಿಸಿ ಬಸ್ಸು ಹತ್ತಿದೆ. ಬೆಟ್ಟದಿಂದ ಅಜ್ಜೀಪುರದ ಮೇಲೆ ಬಂದ ಬಸ್ಸು, ಕಾಲಿಡಲು ಜಾಗವಿಲ್ಲ; ಟೀಚರೆಂದು ಯಾರೋ ಕಿಟಕಿಯ ಸೀಟು ಬಿಟ್ಟುಕೊಟ್ಟರು. ಐದು ನಿಮಿಷಕ್ಕೆ ನನ್ನ ಹಿಂದಿನ ಸೀಟಿನ ಮುದುಕಪ್ಪ ಶುರುಮಾಡಿದ: “ಯಾರ್ಲಾ ಅದು, ಕರ್ವಾಡು ತಕಂಡು ಬಂದಿರೋರು? ಮಾದಪ್ಪನ ದರ್ಸನ ಮಾಡ್ಕಬತ್ತಾ ಇದೀವಿ ಕಣ್ರಪ್ಪ!” ಎಲ್ಲರೂ ಎಲ್ಲರ ಚೀಲ ನೋಡಿದರು. ಕಂಡಕ್ಟರು ಮೀಸೆಯ ಹುಡುಗನೊಬ್ಬನ ಗೋಣಿಚೀಲವನ್ನು ಒದ್ದು ನೋಡಿದ. ನನ್ನ ಕಡೆ ಯಾರೂ ತಿರುಗಲಿಲ್ಲ. ಕಾಟನ್ ಸೀರೆ, ಕನ್ನಡಕ, ಹಣೆಯಲ್ಲಿ ವಿಭೂತಿ. ನಾನು ಕಿಟಕಿಯಾಚೆ ನೋಡುತ್ತ ಕೂತೆ. ಗಾಡ್ ಫರ್ಗಿವ್ ಮಿ, ಆ ಮುದುಕಪ್ಪನ ಜೊತೆ ಸೇರಿಕೊಂಡು ನಾನೂ ಒಂದು ಸಲ “ಥೂ” ಎಂದೆ.

ಮೀನು ಗೆದ್ದಿತು. ಮೊದಲ ದಿನವೇ ಡಬ್ಬ ಖಾಲಿ. ಭಾನುವಾರ ಕಿಟಕಿಯ ಹಿಂದೆ ನಿಂತು ಕಣ್ಣಾರೆ ನೋಡಿದೆ. ಅಲಾರಂ ಹೊಡೆಯಿತು; ಬೆಕ್ಕು ಆಕೆಯ ಊಟದ ತಟ್ಟೆಯ ಪಕ್ಕದಿಂದ ಎದ್ದು ಗೋಡೆ ಹಾರಿ ಬಂತು. “ಬಾರೇ ಕಳ್ಳಿ, ಬಾ ಇಲ್ಲಿ, ಮುಳ್ಳು ಬುಟ್ಟೋದಲ್ಲೇ,” ಎಂದು ಆಕೆ ಕರೆಯುತ್ತಲೇ ಇದ್ದಳು. ತಿರುಗಿ ನೋಡಲಿಲ್ಲ. ಆಕೆಯ ಕೈ ತಟ್ಟೆಯ ಮೇಲೆ ಹಾಗೇ ನಿಂತಿತ್ತು. ಎಲೊಕ್ಯೂಷನ್ ಪ್ರೈಜ಼ು ಬಂದ ದಿನವೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ.

ಆದರೆ ಬೆಕ್ಕು ನನ್ನ ಕಡೆಯೂ ನೋಡಲಿಲ್ಲ. ತಿಂದು ಮುಗಿಸಿ, ಗಡಿಯಾರದ ಗಾಜಿಗೆ ಕೆನ್ನೆ ಉಜ್ಜಿತು. ಎರಡು ಸಲ. ಹೊಟ್ಟೆಯ ಉರಿ ಆರಲಿಲ್ಲ. ಗೋಡೆಯಾಚೆಯಿಂದ ಗಡಿಯಾರಕ್ಕೆ ಬದಲಾಯಿತು, ಅಷ್ಟೇ. ಅದಕ್ಕೇ ಮಾರನೆಯ ದಿನದಿಂದ ಇನ್ನೂ ಎರಡು ತುಂಡು ಹೆಚ್ಚು ಇಟ್ಟೆ. ಸೋಮವಾರವೂ ಬಿಡಲಿಲ್ಲ.

ಆ ವಾರದ ಕೊನೆಗೆ ಒಂದು ಸಂಜೆ ಗೇಟು ತೆಗೆದಾಗ ಜಗಲಿಯಲ್ಲಿ ಬೆಕ್ಕು ಇರಲಿಲ್ಲ. ಗೋಡೆಯಾಚೆ ಆಕೆ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ, ಒದ್ದೆ ಬಟ್ಟೆಯೊಳಗೆ, ನನ್ನ ಬೆಕ್ಕು. ಕಣ್ಣು ಅರೆ ಮುಚ್ಚಿತ್ತು, ಹಿಂಗಾಲು ನಡುಗುತ್ತಿತ್ತು.

“ಮಧ್ಯಾನದಿಂದ ಕಕ್ತಾ ಅದ. ಬಚ್ಚಲ ನೀರ್‍ನೆಲ್ಲ ಕುಡೀತು, ಆಮ್ಯಾಕೆ ಕಾಲೇ ನಿಲ್ನಿಲ್ಲ. ಏನಿಕ್ಕಿದ್ರಿ ಟೀಚರಮ್ಮ ಆ ಡಬ್ಬದಾಗೆ?”

ಪೊಟ್ಟಣವನ್ನೇ ತಂದು ಗೋಡೆಯ ಮೇಲಿಟ್ಟೆ. ಆಕೆ ಒಂದು ತುಂಡು ಮುರಿದು ನಾಲಗೆಗೆ ಮುಟ್ಟಿಸಿ ನನ್ನನ್ನು ನೋಡಿದಳು.

“ಇಂಗೇ ಇಕ್ಕಿದ್ರಾ? ನೆನೆ ಆಕ್ದೆ? ತೊಳೀದೆ?”

“ತೊಳೀಬೇಕಾ?”

“ಅಯ್ಯೋ ನನ್ನವ್ವಾ! ಕರ್ವಾಡು ಅಂದ್ರೆ ಅರ್ಧ ಉಪ್ಪೇ ಕಣ್ರಮ್ಮ! ಮೂರು ನೀರ್‍ನಾಗೆ ತೊಳ್ದು ಬೇಯಿಸ್ಬೇಕು. ದಿನಾ ಇಷ್ಟಿಷ್ಟು ಉಪ್ಪು ತಿನ್ಸವ್ರೆ ಈ ಮೂಕ ಪ್ರಾಣಿಗೆ!” ಒಂದು ಸಲ ನಗು ಬಂದುಬಿಟ್ಟಿತು ಆಕೆಗೆ, “ಇಬೂತಿ ಇಕ್ಕೊಂಡು ಕರ್ವಾಡು ಯಾಪಾರ,” ಎಂದಳು. ಆಮೇಲೆ ಬೆಕ್ಕಿನ ಮುಖ ನೋಡಿ ನಗು ನಿಂತಿತು. “ನನ್ ಒಂದ್ ಮಾತು ಕೇಳಿದ್ರೆ ಯೋಳ್ತಿರ್ಲಿಲ್ವ? ಗೋಡೆ ಏನು ಆಕಾಸದಷ್ಟು ಎತ್ರ ಅದಾ?”

ನನಗೆ ಷೇಕ್ಸ್‌ಪಿಯರ್ ಬಾಯಿಪಾಠ ಇತ್ತು. ಒಣಮೀನನ್ನು ತೊಳೆಯಬೇಕೆಂದು ಮಾತ್ರ ಗೊತ್ತಿರಲಿಲ್ಲ. ಹಪ್ಪಳದ ಹಾಗೆ ಅದನ್ನು ಪೊಟ್ಟಣದಿಂದ ತೆಗೆದು ಹಾಗೇ ಇಟ್ಟಿದ್ದೆ.

ಜೀವನದಲ್ಲಿ ಮೊದಲ ಸಲ ಆ ಗೋಡೆಯನ್ನು ಸುತ್ತಿ ಆಕೆಯ ಮನೆಯೊಳಗೆ ಹೋದೆ. ದನದ ಆಸ್ಪತ್ರೆ ಆ ಹೊತ್ತಿಗೆ ಮುಚ್ಚಿತ್ತು. ಚರಕದ ಪಕ್ಕ ಇಬ್ಬರೂ ಕೂತು, ಹತ್ತಿಯ ಬತ್ತಿಯನ್ನು ನೀರಿನಲ್ಲಿ ಅದ್ದಿ ಅದ್ದಿ ಬೆಕ್ಕಿನ ಬಾಯಿಗೆ ಹನಿ ಹನಿಯಾಗಿ ಬಿಟ್ಟೆವು. ಅದು ಇದ್ದದ್ದು ಆಕೆಯ ಮಡಿಲಲ್ಲಿ. ಕೊಡಿ ಎನ್ನುವ ಹಕ್ಕು ನನಗೆ ಉಳಿದಿರಲಿಲ್ಲ. ಅದು ಸತ್ತರೆ ನನ್ನ ಕೈಯಿಂದಲೇ ಸತ್ತಂತೆ ಎಂಬುದು ಒಂದು ಕಡೆ; ಸತ್ತರೂ ಆಕೆಯ ಮಡಿಲಲ್ಲೇ ಸಾಯುತ್ತದಲ್ಲ ಎಂಬುದು ಇನ್ನೊಂದು ಕಡೆ. ಬರೆಯಲು ನಾಚಿಕೆಯಾಗುತ್ತದೆ, ಎರಡನೆಯದೂ ಚುಚ್ಚುತ್ತಿತ್ತು.

ತಲೆಯೆತ್ತದೆ ಆಕೆ ಹೇಳಿದಳು: “ಉಣ್ಣೋದು ನನ್ ಮನೇಲಿ. ಮನಗೋದು ನಿಮ್ಮನೇಲಿ. ಸಂದೆ ಬಸ್ಸು ಸದ್ದಾದ್ರೆ ನನ್ನ ಬುಟ್ಟು ನಿಮ್ ಗೇಟಿಗೆ ಓಯ್ತದ. ನನ್ಗೂ ಒಟ್ಟೆ ಉರೀತದ ಕಣ್ರಮ್ಮ.”

ಗೇಟಿಗೆ ಬರುತ್ತಿದ್ದದ್ದು ಸೋಮವಾರ ಮಾತ್ರ ಎಂದು ನಾನು ತಿಳಿದಿದ್ದೆ. ಉಳಿದ ದಿನ ಅದು ಗೇಟಿನ ಪಕ್ಕದ ಮಲ್ಲಿಗೆ ಬಳ್ಳಿಯ ಹಿಂದೆ ಕೂತಿರುತ್ತಿತ್ತಂತೆ. ನಾನು ನೋಡಿರಲಿಲ್ಲ.

ಮಾರನೆಯ ದಿನ ಬೆಕ್ಕು ಗಂಜಿ ನೆಕ್ಕಿತು. ಎರಡು ದಿನಕ್ಕೆ ಗೋಡೆ ಹತ್ತಿತು. ಆಮೇಲೆ ನಮ್ಮಲ್ಲಿ ಒಂದು ಏರ್ಪಾಡಾಯಿತು. ಬೆಳಿಗ್ಗೆ ಆಕೆ ತೊಳೆದು ಬೇಯಿಸಿದ ಮೀನನ್ನು ಎಲೆಯಲ್ಲಿ ತಂದು ಡಬ್ಬದಲ್ಲಿ ಇಡುವುದು, ನಾನು ಗಡಿಯಾರಕ್ಕೆ ಕೀ ಕೊಡುವುದು. ಕೀ ಮಾತ್ರ ನಾನೇ. ಆ ಷರತ್ತನ್ನು ಬಾಯಿಬಿಟ್ಟು ಹೇಳಲಿಲ್ಲ, ಆಕೆಗೆ ಅರ್ಥವಾಗಿತ್ತು.

ಏಪ್ರಿಲ್‌ನಲ್ಲಿ ಪರೀಕ್ಷೆಯ ಪೇಪರು ತಿದ್ದಲು ಹತ್ತು ದಿನ ಮೈಸೂರಿಗೆ ಹೋಗಬೇಕಾಯಿತು. ಹೊರಡುವಾಗ ಆಕೆಯ ಕೈ ಹಿಡಿದು ತೋರಿಸಿಕೊಟ್ಟೆ: ಇಷ್ಟು ಸುತ್ತು, ಇದಕ್ಕಿಂತ ಜಾಸ್ತಿ ಬೇಡ, ದಾರ ಹೀಗೆ, ಕಡ್ಡಿ ಹೀಗೆ. ಆಕೆಯ ಊದಿದ ಬೆರಳು ನನ್ನ ಪ್ರೈಜ಼ಿನ ಮೇಲೆ ತಿರುಗುವುದನ್ನು ನೋಡಲಾರದೆ ಬೇಗ ಬಸ್ ಸ್ಟ್ಯಾಂಡಿಗೆ ನಡೆದೆ. ಮೈಸೂರಿನಲ್ಲಿ ಪೇಪರು ತಿದ್ದುವ ಕೋಣೆಯಲ್ಲಿ ದಿನವೂ ಹನ್ನೆರಡೂವರೆಗೆ ನನ್ನ ಕೆಂಪು ಪೆನ್ನು ತಾನಾಗಿ ನಿಲ್ಲುತ್ತಿತ್ತು. ಆ ಹೊತ್ತಿಗೆ ಕೈಗೆ ಸಿಕ್ಕ ಮಕ್ಕಳ ಪೇಪರುಗಳನ್ನು ಊಟದ ನಂತರ ಮತ್ತೊಮ್ಮೆ ನೋಡುತ್ತಿದ್ದೆ, ಅನ್ಯಾಯವಾಗಬಾರದೆಂದು.

ವಾಪಸ್ಸು ಬಂದಾಗ ಬೆಕ್ಕು ದುಂಡಗಾಗಿತ್ತು. ಗಡಿಯಾರ ನಿಮಿಷವೂ ತಪ್ಪದೆ ಓಡುತ್ತಿತ್ತು. ಆದರೆ ಕೀಗೆ ಕಟ್ಟಿದ್ದ ಮೇಷ್ಟ್ರ ಬಿಳಿ ದಾರ ಇರಲಿಲ್ಲ. ಅದರ ಜಾಗದಲ್ಲಿ ತೆಳ್ಳನೆಯ, ಹೊಂಬಣ್ಣದ, ಮಿನುಗುವ ಎಳೆ.

“ನಿಮ್ದು ಮೂರ್ನೇ ದಿನಕ್ಕೇ ಕಿತ್ತೋಯ್ತು,” ಎಂದಳು. “ನಮ್ ಚರಕದ್ದೇ ನಾಕೆಳೆ ಸೇರ್ಸಿ ಹುರಿ ಮಾಡಿ ಕಟ್ಟಿವ್ನಿ. ಇದು ಕೀಳಾಕಿಲ್ಲ.”

ಅಂದು ಮಧ್ಯಾಹ್ನ ಪಕ್ಕದಲ್ಲೇ ನಿಂತು ನೋಡಿದೆ. ಕಡ್ಡಿ ಮೊದಲಿನ ಹಾಗೆ ಜಗ್ಗಾಡಲಿಲ್ಲ, ಮೆತ್ತಗೆ ಜಾರಿ ಈಚೆ ಬಂತು. ದಾರ ಬದಲಿಸಲು ಒಂದು ಕಾರಣ ಸಿಗುತ್ತದೆಯೇ ಎಂದು ಎಳೆದು, ಉಗುರಿನಿಂದ ಗೀರಿ, ಬೆಳಕಿಗೆ ಹಿಡಿದು ಪರೀಕ್ಷಿಸಿದೆ. ಸಿಗಲಿಲ್ಲ.

ಬೆಕ್ಕು ಹೋಗಿ ಎಷ್ಟೋ ವರ್ಷವಾಯಿತು, ಆಕೆಯೂ ಮಗಳ ಊರು ಹೊನ್ನೂರಿಗೆ ಹೋದಳು. ಗಡಿಯಾರದ ಸ್ಪ್ರಿಂಗು ಹೋಗಿದೆ, ಡಬ್ಬಕ್ಕೆ ತುಕ್ಕು ಹಿಡಿದಿದೆ. ಧೂಳು ಒರೆಸುವಾಗ ಈಗಲೂ ಆ ದಾರವನ್ನು ಒಮ್ಮೆ ಜಗ್ಗಿ ನೋಡುತ್ತೇನೆ. ಇನ್ನೂ ಕಿತ್ತಿಲ್ಲ.