ಭುಜದ ಮೇಲೆ ಉಳಿದ ಕೈ

ಶಾಲೆಯ ಸಿಬ್ಬಂದಿಯ ಗುಂಪುಚಿತ್ರದಲ್ಲಿ ನಮ್ಮ ಗುಮಾಸ್ತರು ಬಾಯಿ ತೆರೆದು ಆಕಳಿಸಿದ್ದರು. ಅವರನ್ನು ಅಳಿಸಿಕೊಡಿ ಎಂದು ಕೇಳಲು ಫೋಟೋ ಸ್ಟುಡಿಯೋಗೆ ಹೋದ ದಿನವೇ ನನಗೆ ಅದರ ಯಜಮಾನರಾದ ಟಚಪ್ಪಣ್ಣನವರ ಪರಿಚಯವಾದದ್ದು.

"ಬಾಯಿ ಬೇಕಾದ್ರೆ ಮುಚ್ಚಿಸ್ತೀನಿ ಮೇಷ್ಟ್ರೇ, ಗುಮಾಸ್ತರನ್ನ ಮಾತ್ರ ತೆಗೆಯಲ್ಲ. ಒಂದ್ಸಲ ಒಬ್ಬರನ್ನ ತೆಗೆದು ಸಾಕಾಗಿದೆ," ಎಂದರು.

ಹರೆಯದಲ್ಲಿ ಅವರು ಒಂದು ಸಿನಿಮಾ ವಾರಪತ್ರಿಕೆಯಲ್ಲಿದ್ದರು. ಯಾವ ನಟ ಯಾರ ಕಾರು ಹತ್ತಿದ, ಯಾವ ನಟಿ ಯಾರೊಡನೆ ಮಾತು ಬಿಟ್ಟಳು ಎಂಬುದೇ ಅದರ ಬಂಡವಾಳ. ಅದನ್ನು ಬೈಯದವರಿಲ್ಲ, ಆದರೆ ಬೈದವರೇ ಅದನ್ನು ಓದಿ ಮುಗಿಸಲೆಂದು ಕ್ಷೌರದಂಗಡಿಯಲ್ಲಿ ತಮ್ಮ ಸರದಿಯನ್ನೇ ಬಿಟ್ಟುಕೊಡುತ್ತಿದ್ದರು. ಸಣ್ಣ ಕುಂಚದಿಂದ ಚಿತ್ರಗಳಲ್ಲಿನ ಮೊಡವೆ, ಸುಕ್ಕು, ಬೇಡದ ಜನ ಎಲ್ಲವನ್ನೂ ಮಾಯ ಮಾಡುವುದು ಇವರ ಕೆಲಸ. ಆ 'ಟಚಪ್' ಕೆಲಸದಿಂದಲೇ ಈ ಹೆಸರು ಅಂಟಿಕೊಂಡದ್ದು.

ಮದುವೆ ಗೊತ್ತಾಗಿದ್ದ ನಟಿಯೊಬ್ಬಳು ತಂದೆಯೊಡನೆ ನಿಂತ ಚಿತ್ರ ಒಮ್ಮೆ ಬಂತು. "ಪಕ್ಕದಲ್ಲಿ ಅಪ್ಪ ನಿಂತಿದ್ರೆ ಪತ್ರಿಕೆ ಯಾರಯ್ಯ ಕೊಳ್ತಾರೆ? ಮುದುಕನ್ನ ತೆಗಿ," ಎಂದರು ಸಂಪಾದಕರು. ಇವರು ತೆಗೆದರು. ಅವಸರದಲ್ಲಿ, ಅವಳ ಭುಜದ ಮೇಲಿದ್ದ ತಂದೆಯ ಕೈ ಉಳಿದುಬಿಟ್ಟಿತು.

ಮುಖಪುಟ ಹೊರಬಿದ್ದದ್ದೇ ತಡ, ಊರಿಗೆ ಊರೇ 'ಆ ಕೈ ಯಾರದು?' ಎನ್ನತೊಡಗಿತು. ಸಂಪಾದಕರಿಗೆ ಸುಗ್ಗಿ. ವರನ ಮನೆಯವರು ಮಾತ್ರ, ಅದು ತಿಳಿಯುವವರೆಗೆ ಮದುವೆಯ ಮಾತೇ ಬೇಡವೆಂದರು.

ನಟಿಯ ತಂದೆ ಕಚೇರಿಗೇ ಬಂದು ಮೇಜಿನ ಮೇಲೆ ಕೈ ಚಾಚಿದರು. "ಇದೇ ಸ್ವಾಮಿ ಆ ಕೈ. ನಾನು ಹೇಳಿದ್ರೆ ಬೀಗರು ನಂಬ್ತಿಲ್ಲ. ನೀವು ಒಂದು ಮಾತು ಬರೀರಿ."

"ಎರಡು ವಾರ ತಾಳಿ ಯಜಮಾನರೇ, ಕೈ ಚೆನ್ನಾಗಿ ಓಡ್ತಾ ಇದೆ," ಎಂದರು ಸಂಪಾದಕರು.

ಕುಂಚ ತಾಗದ, ತಂದೆ ಪೂರ್ತಿಯಾಗಿ ಕಾಣುವ ಇನ್ನೊಂದು ಪ್ರತಿ ಟಚಪ್ಪಣ್ಣನವರ ಬಳಿಯಿತ್ತು. ಅದನ್ನೆತ್ತಿಕೊಂಡು ಎದ್ದರು. "ಹೊಸಿಲು ದಾಟಿದ್ರೆ ನಾಳೆಯಿಂದ ಬರಬೇಡ," ಎಂದು ಸಂಪಾದಕರು ಕೂಗಿದರು. "ಆಗಲಿ ಸ್ವಾಮಿ," ಎಂದವರೇ ಆ ತಂದೆಯೊಡನೆ ನೇರವಾಗಿ ಬೀಗರ ಮನೆಗೆ ನಡೆದರು.

ವರನ ಅಜ್ಜಿ ಕನ್ನಡಕ ಏರಿಸಿ ಚಿತ್ರವನ್ನು ನೋಡಿದರು, ತಂದೆಯ ಕೈಯನ್ನು ನೋಡಿದರು. "ಅಪ್ಪನ ಕೈಯನ್ನ ಕಳ್ಳನ ಕೈ ಮಾಡಿದವನು ನೀನೇನೋ?" ಎಂದು ಇವರ ಕಿವಿ ಹಿಂಡಿದರಂತೆ. ಮದುವೆ ನಡೆಯಿತು. ಕೆಲಸ ಕಳೆದುಕೊಂಡ ಇವರಿಗೇ ಮದುವೆಯ ಚಿತ್ರ ತೆಗೆಯಲು ಹೇಳಿದರು. ಸ್ಟುಡಿಯೋ ಶುರುವಾದದ್ದು ಹಾಗೆ.

ಈಗ ಅವರ ಕಣ್ಣು ಮಂಜು. ಮಗಳು ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಾಳೆ; ಇವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಮುನಿಸಿಕೊಂಡು ಹೋದ ಅಳಿಯನನ್ನು ಮನೆಯವರ ಚಿತ್ರದಿಂದ ತೆಗೆಸಲು ಮೊನ್ನೆ ಯಾರೋ ಬಂದಿದ್ದರು. ಟಚಪ್ಪಣ್ಣನವರು ಪರದೆಗೆ ಮೂಗು ತಾಗುವಷ್ಟು ಬಾಗಿ, "ಅವನ ಕೈ ಎಲ್ಲಿದೆ, ಮೊದಲು ಅದನ್ನ ನೋಡಮ್ಮ," ಎಂದರು.

ಕೈ ಅವನ ಮಗುವಿನ ತಲೆಯ ಮೇಲಿತ್ತು. ಬಂದವರು ಚಿತ್ರವನ್ನು ಇದ್ದ ಹಾಗೇ ದೊಡ್ಡದು ಮಾಡಿಸಿಕೊಂಡು ಹೋದರು.