ಹುರಿದ ಮಣ್ಣು

ನೆಲವನ್ನು ಯಾವ ಕಡೆಯಿಂದ ಅಗೆಯುತ್ತಾ ಹೋಗಬೇಕು ಎಂದು ಗೊತ್ತುಮಾಡುವುದು ನನ್ನ ಗಂಡನ ಕೆಲಸ. ಅಗೆಯುವವರು ಬೇರೆ, ಅಗೆಯುವ ದೇಶವೂ ಬೇರೆ. ಇವರು ಗಲ್ಫಿನ ಮನಾಮಾದ ಆಫೀಸಿನಲ್ಲಿ ಕೂತು ನಕ್ಷೆಗೆ ಬಣ್ಣ ತುಂಬುತ್ತಾರೆ. ಯಾರಾದರೂ ಕೇಳಿದರೆ ‘ಮೈನಿಂಗ್ ಇಂಜಿನಿಯರ್’ ಎಂದು ಹೇಳಿ ನಾನು ಮಾತು ಮುಗಿಸುತ್ತಿದ್ದೆ. ಆ ಬಣ್ಣಗಳ ಅರ್ಥ ತಿಳಿದದ್ದು ಅದರ ಹತ್ತಿರದ ಬುದಯ್ಯ ಎಂಬ ಊರಿನ ಈ ಮನೆಗೆ ಬಂದ ಮೇಲೆ, ಎರಡು ಟಬ್ ಮಣ್ಣಿನಿಂದಾಗಿ.

ಆ ವರ್ಷ ಅವರ ತಲೆಯಲ್ಲಿ ಇದ್ದದ್ದು ಎಣ್ಣೆಕಲ್ಲಿನ ಗಣಿ. ಆ ಕಲ್ಲನ್ನು ಕಾಯಿಸಿದರೆ ಎಣ್ಣೆ ಬಿಡುತ್ತದಂತೆ. ಒಂದು ತುಂಡು ತಂದು ತೋರಿಸಿದ್ದರು. ಕಂದು ಬಣ್ಣ, ಉಗುರು ಹಾಕಿದರೆ ಪದರ ಪದರವಾಗಿ ಏಳುತ್ತಿತ್ತು, ಮೂಗಿನ ಹತ್ತಿರ ಹಿಡಿದರೆ ಆಗಷ್ಟೇ ಆರಿಸಿದ ಸೀಮೆಎಣ್ಣೆ ಸ್ಟವ್‌ನ ವಾಸನೆ. ಬಹಳ ಆಳದಲ್ಲೇನೂ ಇಲ್ಲವಾದ್ದರಿಂದ ಸುರಂಗ ಬೇಡ. ಮೇಲಿನ ಮಣ್ಣು ತೆಗೆದು, ಅದರಡಿಯ ಬರೀ ಬಂಡೆ ತೆಗೆದು, ಕಲ್ಲನ್ನು ಎತ್ತಿಕೊಂಡರಾಯಿತು.

ಗಣಿ ತೋಡಲಿದ್ದ ಆ ನೆಲದ ನಡುವೆ ಒಂದು ತಗ್ಗು ಇತ್ತು. ಚಳಿಗಾಲದ ಮಳೆ ಬಿದ್ದ ಮೇಲೆ ಅಲ್ಲಿ ಮಾತ್ರ ಹುಲ್ಲು ದಟ್ಟವಾಗಿ ಬರುತ್ತದೆ. ಕೆಲವು ಕುಟುಂಬಗಳು ಕುರಿ ಹೊಡೆದುಕೊಂಡು ಬಂದು ಡೇರೆ ಹಾಕುತ್ತವೆ. ಕಲ್ಲು ಮೇಲೆಯೇ ಸಿಗುವುದೂ ಆ ತಗ್ಗಿನಲ್ಲೇ. ಹಾಗಾಗಿ ಕಂಪನಿಯವರಿಗೆ ಅಲ್ಲಿಂದಲೇ ಶುರುಮಾಡಬೇಕು. ಇಡೀ ಜಾಗದ ಮಣ್ಣನ್ನು ಒಮ್ಮೆಲೇ ಕೆರೆದು, ಸೋಸಿ, ಒಂದು ಮೂಲೆಯಲ್ಲಿ ಗುಡ್ಡ ಹಾಕಿಟ್ಟರೆ ಎಲ್ಲ ಮುಗಿದ ಮೇಲೆ ಹರಡಬಹುದು ಎಂದು ಅವರ ಲೆಕ್ಕ.

ಇವರದು ಬೇರೆ. ಒಂದು ರಾತ್ರಿ ಊಟದ ಮೇಜಿನ ಮೇಲೆ ನೀರುದೋಸೆಗಳನ್ನು ಸಾಲಾಗಿ ಮಡಚಿಟ್ಟು ತೋರಿಸಿದರು. “ನೋಡು, ಇದು ಪಶ್ಚಿಮದ ಕಲ್ಲುಬದಿ. ಇಲ್ಲಿಂದ ಒಂದೊಂದೇ ಪಟ್ಟಿ. ಎರಡನೇ ಪಟ್ಟಿಯ ಬಂಡೆಪುಡಿ ಮೊದಲನೇ ಗುಂಡಿಗೆ. ಅದರ ಮೇಲೆ ಮೂರನೇ ಪಟ್ಟಿಯ ಮೇಲ್ಮಣ್ಣು, ತೆಗೆದ ಹಾಗೇ, ಹಸಿ ಹಸಿ. ತಗ್ಗಿಗೆ ನಾವು ಮುಟ್ಟುವಾಗ ಹಿಂದಿನ ಪಟ್ಟಿಯಲ್ಲಿ ಹುಲ್ಲು ಬಂದಿರ್ಬೇಕು. ಒಂದು ವರ್ಷ ಸಹ ಆ ಕುರಿಗಳಿಗೆ ಮೇವಿಲ್ಲ ಅಂತ ಆಗ್ಬಾರ್ದು.”

“ಒಪ್ತಾರಾ ಅವರು?”

“ಮಣ್ಣು ಅಂದ್ರೆ ಮಣ್ಣು, ಗುಡ್ಡದಲ್ಲಿ ಇದ್ರೇನು ನೆಲದಲ್ಲಿ ಇದ್ರೇನು ಅಂತಾರೆ. ಬರುವ ತಿಂಗಳು ಇಲ್ಲೇ ಮೀಟಿಂಗ್. ಅದರಲ್ಲಿ ಆಗ್ಲಿಲ್ಲ ಅಂದ್ರೆ ತಗ್ಗು ಹೋಯ್ತು.” ಹೇಳಿ, ತಣ್ಣಗಾಗಿದ್ದ ಮೊದಲನೇ ಪಟ್ಟಿಯನ್ನು ಮೀನಿನ ಗಸಿಯಲ್ಲಿ ಅದ್ದಿಕೊಂಡರು.

ಮರುವಾರ ಆಫೀಸಿನ ಲ್ಯಾಬಿಗೆ ಬಂದಿದ್ದ ಆ ತಗ್ಗಿನ ಮೇಲ್ಮಣ್ಣಿನಲ್ಲಿ ಉಳಿದದ್ದನ್ನು ಕೇಳಿಕೊಂಡು ಮನೆಗೆ ತಂದರು. ಎರಡು ಟಬ್‌ಗಳಲ್ಲಿ ತುಂಬಿ ಬಾಲ್ಕನಿಯಲ್ಲಿಟ್ಟು, “ದಿನಾ ಸ್ವಲ್ಪ ನೀರು ಹಾಕು. ಮೀಟಿಂಗಿಗೆ ಮೊದಲು ಹುಲ್ಲು ಬಂದ್ರೆ ತೋರಿಸ್ಲಿಕ್ಕಾಗ್ತದೆ,” ಎಂದು ಕೆಲಸಕ್ಕೆ ಹೋದರು.

ನೀರಿನ ಚೆಂಬು ಹಿಡಿದು ಬಗ್ಗಿದಾಗ ಮಣ್ಣಿನಲ್ಲಿ ಅಕ್ಕಿಹುಳದಂಥದ್ದೇನೋ ಹರಿಯಿತು. ಈ ದ್ವೀಪದ ತೇವದಲ್ಲಿ ಸಂಸಾರ ಮಾಡಿದವರಿಗೆ ಹುಳ ಎಂದರೆ ಗೊತ್ತು. ರವೆ ತಂದ ದಿನವೇ ಹುರಿದಿಡಬೇಕು, ಇಲ್ಲವಾದರೆ ವಾರದೊಳಗೆ ಡಬ್ಬಿಯಲ್ಲಿ ಜಾತ್ರೆ. ಅದರ ಮೇಲೆ ನಾನು ಕಾನ್ವೆಂಟಿನ ಸಿಸ್ಟರುಗಳ ಕೈಕೆಳಗೆ ಬೆಳೆದವಳು, ಪ್ರತಿ ಸೋಮವಾರ ಉಗುರು ತೋರಿಸಿಯೇ ಕ್ಲಾಸಿಗೆ ಹೋದವಳು. ಹಳೆಯ ಜರಡಿ ತಂದು ಒಂದು ಟಬ್ಬಿನ ಮಣ್ಣನ್ನೆಲ್ಲ ಜರಡಿ ಹಿಡಿದೆ. ಮೇಲೆ ಉಳಿದ ಕಡ್ಡಿ, ಕೂದಲಿನಂಥ ಬೇರು, ಬೂದುಬಣ್ಣದ ಹಕ್ಕಳೆಗಳನ್ನು ಕಸಕ್ಕೆ ಹಾಕಿದೆ. ಕೆಳಗೆ ಬಿದ್ದ ನಯವಾದ ಪುಡಿಯನ್ನು ಮೂಲೆಗಿಟ್ಟಿದ್ದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದೆ, ಘಮ ಬರುವ ತನಕ. ಎರಡನೆಯದಕ್ಕೆ ಕೈಹಾಕುವಷ್ಟರಲ್ಲಿ ಮಗಳ ಸ್ಕೂಲ್ ಬಸ್ಸು ಬಂತು.

ಸಂಜೆ ಅವರು ಟಬ್ಬಿನ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತರು.

“ಇದು ಯಾಕೆ ಇಷ್ಟು ನೈಸ್ ಉಂಟು?”

“ಜರಡಿ ಹಿಡಿದೆ. ಹುಳ ಇತ್ತು ಮಾರಾಯ್ರೆ. ಸ್ವಲ್ಪ ಹುರಿದೆ ಸಹ.”

“ಹುರಿದೆ?”

“ಸಣ್ಣ ಉರಿಯಲ್ಲೇ.”

ಮಗಳು ಬಾಗಿಲಲ್ಲಿ ನಿಂತು, “ಮಮ್ಮಿ, ಸೀರಿಯಸ್ಲಿ? ಒಗ್ಗರಣೆನೂ ಹಾಕಿದ್ಯಾ?” ಎಂದಳು.

ಅವರು ನಗಲಿಲ್ಲ. ಬೆರಳಿಂದ ಪುಡಿಯನ್ನು ಸವರಿ, “ಬೀಜ ಇದ್ದದ್ದು ಆ ಕಸದಲ್ಲಿ,” ಎಂದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ. ಕಸ ಅಷ್ಟರಲ್ಲಿ ಹೋಗಿಯಾಗಿತ್ತು. ನನ್ನ ಮುಖ ನೋಡಿ, “ಇರ್ಲಿ ಬಿಡು. ಎರಡಕ್ಕೂ ನೀರು ಹಾಕು,” ಎಂದರು.

ಎರಡಕ್ಕೂ ಹಾಕಿದೆ. ಮುಟ್ಟದೆ ಬಿಟ್ಟ ಟಬ್ಬಿನಲ್ಲಿ ಮೊದಲು ಹಸಿರು ಸೂಜಿಗಳು, ಆಮೇಲೆ ನೆಲಕ್ಕೆ ಅಂಟಿದ ದುಂಡು ಎಲೆಗಳು, ಹೆಸರು ತಿಳಿಯದ ಒಂದು ಚಿಕ್ಕ ನೇರಳೆ ಹೂವು. ನಾನು ಹುರಿದದ್ದು ಹಪ್ಪಳದಂತೆ ಗಟ್ಟಿಯಾಗಿ ಬಿರುಕು ಬಿಟ್ಟಿತು. ಬಟ್ಟೆ ಒಣಗಿಸಲು ಹೋದಾಗಲೆಲ್ಲ ಅತ್ತ ನೋಡದೆ ಬರುತ್ತಿದ್ದೆ.

ಮೀಟಿಂಗಿಗೆ ಎರಡನ್ನೂ ಒಯ್ಯುತ್ತೇನೆ ಎಂದರು.

“ನನ್ನ ಮರ್ಯಾದೆ?”

“ಹೆಂಡತಿ ಅಂತ ಹೇಳುದಿಲ್ಲ. ಕಂಟ್ರಾಕ್ಟರ್ ಅಂತೇನೆ.”

ಆದರೆ ಇವರ ಕಷ್ಟ ಬೇರೆಯೇ ಇತ್ತು. ನಾಲ್ಕು ಜನರೆದುರು ಇವರ ಮಾತು ಅಂಗಿಯ ಕಾಲರ್ ದಾಟುವುದಿಲ್ಲ. ಕಾನ್ವೆಂಟಿನಲ್ಲಿ ನಮಗೆ ಹೇಳಿಕೊಟ್ಟ ಹಾಗೆ ಇವರನ್ನು ಫ್ರಿಜ್ ಪಕ್ಕ ನಿಲ್ಲಿಸಿ, ನಾನು ಹಾಲ್‌ನ ಆ ತುದಿಯ ಕಿಟಕಿಯ ಹತ್ತಿರ ಕೂತೆ. “ಕೊನೇ ಬೆಂಚಿಗೆ ಕೇಳುದಿಲ್ಲ,” ಎಂದು ಮತ್ತೆ ಮತ್ತೆ ಹೇಳಿಸಿದೆ. ವಾರವಿಡೀ ನಮ್ಮ ಅಡುಗೆಮನೆಯಿಂದ ಆ ತಗ್ಗಿನ ಮಾತೇ. ಕೊನೆಗೆ ನನಗೂ ಬಾಯಿಪಾಠವಾಗಿತ್ತು.

ಮೀಟಿಂಗ್ ದಿನ ಕಾರಿನ ಸದ್ದು ಕೇಳಿ ಬಾಗಿಲು ತೆರೆದು ನಿಂತೆ. ಇವರ ಮುಖದಲ್ಲಿ ಏನೂ ಕಾಣುವುದಿಲ್ಲ, ಮೊದಲಿಂದಲೂ ಹಾಗೇ.

“ಎಂತ ಆಯ್ತು?”

“ಕಲ್ಲುಬದಿಯಿಂದ ಶುರು. ಮಣ್ಣು ಗುಡ್ಡ ಹಾಕುದಿಲ್ಲ.” ಶೂ ಬಿಚ್ಚುತ್ತಾ, “ಗುಡ್ಡದ ಒಳಗೆ ಮಣ್ಣು ಇಷ್ಟು ಬೇಗ ಸಾಯುದಿಲ್ಲ, ಇದು ನನ್ನ ಹೆಂಡತಿ ಹುರಿದದ್ದು, ಆದ್ರೆ ವರ್ಷಗಟ್ಟಲೆ ಇಟ್ರೆ ಹೋಗುವ ದಾರಿ ಇದೇ ಅಂತ ಹೇಳಿದೆ. ಕಂಪನಿಯ ದೊಡ್ಡವ ನಕ್ಕುಬಿಟ್ಟ. ಅವನ ಅಮ್ಮನೂ ಎಲ್ಲ ಹುರಿದೇ ಇಡುದಂತೆ.”

“ಕಂಟ್ರಾಕ್ಟರ್ ಅಂತೇನೆ ಅಂದಿರಲ್ಲ?”

“ಕೊನೇ ಬೆಂಚಿಗೆ ಕೇಳುವ ಹಾಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ ನನಗೆ.”

“ತಗ್ಗು?”

“ಹಿಂದಿನ ಪಟ್ಟಿಯಲ್ಲಿ ಹುಲ್ಲು ನಿಂತದ್ದನ್ನು ನೋಡಿದ ಮೇಲೆಯೇ. ಬರೆದುಕೊಂಡಿದ್ದಾರೆ.”

ಕೆಲಸ ಶುರುವಾದ ಮೇಲಿನ ಎರಡನೇ ಚಳಿಗಾಲ ಇವರು ಗಣಿಯ ಕಡೆ ಹೋಗಿದ್ದರು. ನಾನು ಬೀನ್ಸ್ ಹೆಚ್ಚುತ್ತಿದ್ದೆ, ಮಗಳು ಮೇಜಿನ ಮೇಲೆ ಪುಸ್ತಕ ಹರಡಿದ್ದಳು. ಫೋನ್ ಬಂತು. ತುಂಬಿಸಿದ ಮೊದಲ ಪಟ್ಟಿಯಲ್ಲಿ ಅಲ್ಲೊಂದು ಇಲ್ಲೊಂದು ಬಂದಿದೆ, ಲಾರಿಯ ಚಕ್ರ ಹೋದಲ್ಲಿ ಏನೂ ಇಲ್ಲ, ಇನ್ನೂ ಕಾಯಬೇಕು ಎಂದರು.

“ತಗ್ಗಿನಲ್ಲಿ?”

“ಅಲ್ಲೇ ನಿಂತಿದ್ದೇನೆ. ಡೇರೆಯವರು ಬಂದಿದ್ದಾರೆ ಎಲ್ಲ.”

ಗಾಳಿಯ ಸದ್ದು, ಅದರೊಳಗಿಂದ ಕುರಿಗಳ ಕೂಗು, ಮರಿಗಳದ್ದು ಬೇರೆಯಾಗಿ, ತೆಳ್ಳಗೆ. ಫೋನನ್ನು ಅತ್ತ ಹಿಡಿದು ನಿಂತಿದ್ದರು ಎಂದು ತೋರುತ್ತದೆ. ಮಗಳು ಪೆನ್ಸಿಲ್ ಕೆಳಗಿಟ್ಟು ನನ್ನ ಹೆಗಲಿಗೆ ತಾಗಿ ನಿಂತಳು.

“ಕೇಳ್ತದಾ?” ಎಂದರು.

“ಕೇಳ್ತದೆ,” ಎಂದೆ. “ಇನ್ನು ಸ್ವಲ್ಪ ಹಾಗೇ ಹಿಡೀರಿ.”